ಇಳಿಜಾರಿನ ಆಟ ನೋಡುವ ಬಗೆ

ಸ್ಕೇಟ್‌ಬೋರ್ಡ್ ಆಟಗಾರ ಟೋನಿ ಹಾಕ್ ಹೆಸರಿನ ‘ಡೌನ್‌ಹಿಲ್ ಜ್ಯಾಮ್’ ವಿಡಿಯೊ ಆಟವನ್ನು ಮೊದಲ ಸಲ ನೋಡಲು ಕೂತವರಿಗೆ ನನ್ನದೊಂದು ಸಲಹೆ: ಸ್ವಲ್ಪ ಹೊತ್ತು ಟಿ.ವಿ. ಪರದೆ ಬಿಟ್ಟು ಆಡುವವರ ಮೊಣಕೈ ನೋಡಿ.

2006ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ನಿಂಟೆಂಡೊ ವೀ ಎಂಬ ಆಟದ ಯಂತ್ರ ಮಾರಾಟಕ್ಕೆ ಬಂದಾಗ ಅದರ ಜೊತೆಜೊತೆಗೇ ಬಂದ ಆಟ ಇದು. ಮಾಡಿದ್ದು ಟಾಯ್ಸ್ ಫಾರ್ ಬಾಬ್ ಎಂಬ ಕಂಪನಿ. ರಿಮೋಟನ್ನು ಅಡ್ಡಡ್ಡ ಹಿಡಿದು, ಸೈಕಲ್ಲಿನ ಹ್ಯಾಂಡಲ್ಲಿನಂತೆ ಎಡಕ್ಕೋ ಬಲಕ್ಕೋ ವಾಲಿಸಿದರೆ ಸ್ಕೇಟ್‌ಬೋರ್ಡು ಅತ್ತ ತಿರುಗುತ್ತದೆ. ಹೊಸಬರು ರಿಮೋಟಿನ ಜೊತೆ ಭುಜ, ಸೊಂಟ, ಕೊನೆಗೆ ಸೋಫಾವನ್ನೂ ವಾಲಿಸುತ್ತಾರೆ. ಬೋರ್ಡು ಈ ಗೋಡೆಗೆ ಬಡಿದು ಆ ಗೋಡೆಗೆ ಹೋಗುತ್ತದೆ. ಪಳಗಿದ ಕೈಯಲ್ಲಿ ಅಲುಗಾಟ ಕಂಡೂ ಕಾಣದಷ್ಟು; ತಿರುವು ಬರುವ ಮೊದಲೇ ಅದು ಶುರುವಾಗಿರುತ್ತದೆ. ರಸಿಕರು ಮೊದಲು ಗುರುತಿಸಬೇಕಾದದ್ದು ಇದನ್ನು.

ಟೋನಿ ಹಾಕ್ ಇಳಿಜಾರಿನ ಓಟಗಾರನೇ ಅಲ್ಲ. ಆತನ ಹೆಸರು ಬೆಳೆದದ್ದು ಅರ್ಧ ಕೊಳವೆಯಾಕಾರದ ರ‍್ಯಾಂಪಿನ ಮೇಲೆ. 1999ರ ಜೂನ್ 27ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗಾಳಿಯಲ್ಲೇ ಎರಡೂವರೆ ಸುತ್ತು ತಿರುಗಿ ನಿಂತು ಆತ ಇನ್ನಷ್ಟು ಹೆಸರಾದ. ಅದೇ ವರ್ಷ ಬಂದ ‘ಪ್ರೊ ಸ್ಕೇಟರ್’ ಆಟದಲ್ಲಿ ಎರಡು ನಿಮಿಷದೊಳಗೆ ಬೇಕಾದ ಕಡೆ ಸುತ್ತಿ ಕಸರತ್ತು ತೋರಿಸಬೇಕಿತ್ತು. ಅದರಲ್ಲೊಂದು ಇಳಿಜಾರಿನ ಹಂತಕ್ಕೆ ‘ಡೌನ್‌ಹಿಲ್ ಜ್ಯಾಮ್’ ಎಂದೇ ಹೆಸರು. ಏಳು ವರ್ಷದ ಮೇಲೆ ಆ ಹೆಸರು ಒಂದು ಇಡೀ ಆಟಕ್ಕೆ ಬಂತು. ‘ಪ್ರೊ ಸ್ಕೇಟರ್’ನ ಬೇರೆ ಹಂತಗಳಲ್ಲಿ ತಪ್ಪಿದ ರೈಲಿಂಗಿಗೆ ವಾಪಸ್ ಹೋಗಿ ಮತ್ತೆ ಹತ್ತಬಹುದಿತ್ತು. ಇಲ್ಲಿ ತಪ್ಪಿದ್ದು ತಪ್ಪಿತು, ಬೆಟ್ಟ ಕಾಯುವುದಿಲ್ಲ. ಚಿಕ್ಕಂದಿನಲ್ಲಿ ಅಡಿಕೆ ಹಾಳೆಯ ಮೇಲೆ ಕೂತು ದಿಬ್ಬ ಜಾರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಜವಾದ ಇಳಿಜಾರಿನ ಸ್ಕೇಟಿಂಗ್ ಬೇರೆಯೇ ಲೋಕ. 2017ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಪೀಟರ್ ಕಾನಲಿ ಎಂಬ ಸವಾರ ಬೋರ್ಡಿನ ಮೇಲೆ ನಿಂತುಕೊಂಡೇ ಗಂಟೆಗೆ 146.73 ಕಿ.ಮೀ. ವೇಗ ಮುಟ್ಟಿದ. ಅಂಥ ವೇಗಕ್ಕೆ ಮೈ ಮಡಿಚಿ, ಕೈಗಳನ್ನು ಬೆನ್ನ ಹಿಂದೆ ಸೇರಿಸಿ, ಗಾಳಿಗೆ ಸಿಗದಂತೆ ಬಾಗಬೇಕು. ಅಲ್ಲಿ ಹಾರುವ ಮಾತೇ ಇಲ್ಲ. ಈ ಆಟ ಅದನ್ನು ತಲೆಕೆಳಗು ಮಾಡಿದೆ. ಗುಂಡಿ ಒತ್ತಿ ಹಿಡಿದರೆ ಸವಾರ ಕುಕ್ಕರಿಸುತ್ತಾನೆ, ಬಿಟ್ಟರೆ ಹಾರುತ್ತಾನೆ. ಗಾಳಿಯಲ್ಲಿ ಬೋರ್ಡು ಹಿಡಿದರೆ, ಸುತ್ತಿದರೆ, ರೈಲಿಂಗ್ ಮೇಲೆ ಉಜ್ಜಿಕೊಂಡು ಹೋದರೆ ಬೂಸ್ಟ್ ತುಂಬುತ್ತದೆ. ಆಮೇಲೆ ರಿಮೋಟ್ ಅಲ್ಲಾಡಿಸಿದರೆ ಬೋರ್ಡು ಚಿಮ್ಮುತ್ತದೆ. ಇಲ್ಲಿ ಕಸರತ್ತೇ ಪೆಟ್ರೋಲು.

ಆಟದ ರುಚಿಯೆಲ್ಲ ಈ ಲೆಕ್ಕಾಚಾರದಲ್ಲಿದೆ. ಹಾರಿದವರು ಇನ್ನೊಂದು ಸುತ್ತಿಗೆ ಆಸೆಪಟ್ಟರೆ ನೆಲ ಬೇಗ ಬಂದುಬಿಡುತ್ತದೆ. ಬಿದ್ದು, ಎದ್ದು, ವೇಗ ಹಿಡಿಯುವಷ್ಟರಲ್ಲಿ ಉಳಿದವರು ಕಣ್ಮರೆ. ಹೆದರಿ ಬರೀ ನೆಟ್ಟಗೆ ಓಡಿದವರಿಗೆ ಬೂಸ್ಟೇ ಇಲ್ಲ. ಹಾಗಾಗಿ ಹಾರಿದ ಎತ್ತರಕ್ಕೆ ಚಪ್ಪಾಳೆ ತಟ್ಟಬೇಡಿ, ಇಳಿದ ಜಾಗ ನೋಡಿ. ಇಳಿದ ತಕ್ಷಣ ಮುಂದಿನ ದಾರಿಗೆ ಮುಖ ಮಾಡಿ ನಿಂತಿದ್ದರೆ ಆ ಹಾರಾಟ ಚೆನ್ನಾಗಿತ್ತು.

ನಾನಿದನ್ನು ಕಲಿತದ್ದು ಅಕ್ಕನ ಮಗನ ಪಕ್ಕ ಕೂತು. ಬೂಸ್ಟ್ ತುಂಬಿದ್ದೇ ತಡ, ಮೊಸರು ಕಡೆಯುವವಳಂತೆ ನಾನು ರಿಮೋಟ್ ಅಲ್ಲಾಡಿಸಿದೆ. “ಚಿಕ್ಕಮ್ಮ, ಈಗ ಬೇಡ! ತಿರುವಿದೆ ಮುಂದೆ!” ಎಂದು ಅವನು ಕೂಗುವಷ್ಟರಲ್ಲಿ ನಾನು ಗೋಡೆಯಲ್ಲಿದ್ದೆ. ಕಾರಣ ಆಮೇಲೆ ಹೊಳೆಯಿತು. ರಿಮೋಟಿನೊಳಗಿನ ಆಕ್ಸಲರೋಮೀಟರ್ ಭೂಮಿಯ ಸೆಳೆತ ಯಾವ ಕಡೆಗಿದೆ ಎಂದು ನೋಡಿಯೇ ವಾಲಿಕೆಯನ್ನು ಅಳೆಯುವುದು. ಜೋರಾಗಿ ಅಲ್ಲಾಡಿಸಿದರೆ ಆ ಕುಲುಕಾಟವೂ ಸೆಳೆತದ ಜೊತೆ ಬೆರೆತುಬಿಡುತ್ತದೆ. ತಿರುಗಿಸುವ ಕೈಯೇ ಚಿಮ್ಮಿಸುವ ಕೈಯೂ ಆಗಿರುವುದರಿಂದ, ಬಲ್ಲವರು ನೇರ ದಾರಿ ಸಿಗುವ ತನಕ ಬೂಸ್ಟನ್ನು ಮುಟ್ಟುವುದಿಲ್ಲ. ಆ ತಾಳ್ಮೆ ಕಣ್ಣಿಗೆ ಬೀಳಲು ನನಗೆ ಒಂದು ವಾರ ಹಿಡಿಯಿತು.

ದಾರಿಗಳು ಎಡಿನ್‌ಬರೊ, ಹಾಂಗ್‌ಕಾಂಗ್, ರಿಯೊ ಎಂದು ಊರೂರು ಸುತ್ತಿಸುತ್ತವೆ. ಮಾಚು ಪಿಚುವಿನಲ್ಲೂ ಜಾರಬಹುದು. ಇಂಕಾ ಜನ ಕಟ್ಟಿದ ಕಲ್ಲುಗಳ ನಡುವೆ ಗಾಲಿ ಬಿಡುವುದನ್ನು ಪುರಾತತ್ವದವರು ನೋಡದಿದ್ದರೆ ಸಾಕು. ಭೂಗೋಳ ಕಲಿಯಲು ಇದು ಜಾಗವಲ್ಲ. ನೋಡಬೇಕಾದದ್ದು ಕವಲುಗಳನ್ನು. ಒಂದೇ ಇಳಿಜಾರು ಒಡೆದು ಮೇಲೊಂದು ಕೆಳಗೊಂದು ದಾರಿಯಾಗುತ್ತದೆ, ಯಾರು ಎಲ್ಲಿಂದ ಹೊರಬೀಳುತ್ತಾರೆ ಎಂದು ಕಾಯುವುದರಲ್ಲಿ ಮಜಾ ಇದೆ. ಪಕ್ಕದವರನ್ನು ಹೊಡೆದು ಬೀಳಿಸುವುದೂ ಉಂಟು. ಮಕ್ಕಳಿಗೆ ಅದು ಇಷ್ಟ, ನನಗೆ ಸಪ್ಪೆ.

ನಾಲ್ವರು ಒಟ್ಟಿಗೆ ಆಡುವಾಗ ಪರದೆ ನಾಲ್ಕು ತುಂಡಾಗುತ್ತದೆ. ನಾಲ್ಕನ್ನೂ ನೋಡಹೋದರೆ ಒಂದೂ ಕಾಣಿಸದು. ನಾನು ಕೊನೆಯಲ್ಲಿರುವವರ ತುಂಡನ್ನೇ ನೋಡುತ್ತೇನೆ. ಮುಂದಿರುವವರು ಲೆಕ್ಕ ಹಾಕಿ ಹಾರುತ್ತಾರೆ. ಕೊನೆಯವರು ಮಾತ್ರ ಸಿಕ್ಕ ರೈಲಿಂಗನ್ನೆಲ್ಲ ಹತ್ತುತ್ತಾರೆ. ಮೊನ್ನೆ ಆ ತುಂಡು ನನ್ನದೇ ಆಗಿತ್ತು. “ಇನ್ನೊಂದು ಸಲ?” ಎಂದು ಕೇಳಿದ ಹುಡುಗ, ನಾನು ಹೂಂ ಎನ್ನುವ ಮೊದಲೇ ಗುಂಡಿ ಒತ್ತಿಬಿಟ್ಟಿದ್ದ.