ಜರ್ಮನ್ ತರಗತಿಯಲ್ಲಿ ಫ್ರೆಂಚ್ ವಿದ್ಯಾರ್ಥಿ

ಶಾಲಾ ವಿನಿಮಯವೆಂದರೆ ಸಾಮಾನ್ಯವಾಗಿ ಒಂದೆರಡು ವಾರಗಳ ಭೇಟಿ. ಕೋಟೆ, ವಸ್ತುಸಂಗ್ರಹಾಲಯ, ಕೊನೆಗೊಂದು ಬೀಳ್ಕೊಡುಗೆ. ನಡುವೆ ಬಿಡುವಾದರೆ ನಾಲ್ಕು ಪಾಠ. ಫ್ರಾನ್ಸ್ ಮತ್ತು ಜರ್ಮನಿಯ ನಡುವಿನ ಬ್ರಿಜಿತ್ ಸೋಜೆ ಯೋಜನೆಯ ಹಿರಿಮೆಯೆಂದರೆ, ಅದು ಪಾಠವನ್ನೇ ಮುಂದಿಟ್ಟಿತು. 1963ರ ಎಲಿಜೆ ಒಪ್ಪಂದದಿಂದ ಹುಟ್ಟಿದ ಫ್ರೆಂಚ್-ಜರ್ಮನ್ ಯುವಜನ ಸಂಸ್ಥೆ ನಡೆಸುವ ಈ ಯೋಜನೆಗೆ, ಫ್ರಾನ್ಸಿನ ಅಧ್ಯಕ್ಷರಿಗೆ ದುಭಾಷಿಯಾಗಿದ್ದ ಸೋಜೆ ಅವರ ಹೆಸರಿದೆ. ವಿದ್ಯಾರ್ಥಿ ಸುಮಾರು ಮೂರು ತಿಂಗಳು ಜೊತೆಗಾರನ ಮನೆಯಲ್ಲಿದ್ದು ಅವನ ಶಾಲೆಗೇ ಹೋಗುತ್ತಾನೆ. ಅಷ್ಟೇ ಕಾಲ ಜೊತೆಗಾರನನ್ನು ತನ್ನ ಮನೆಯಲ್ಲೂ ಇರಿಸಿಕೊಳ್ಳುತ್ತಾನೆ. ಒಬ್ಬನೇ ಉಪಚಾರ ಪಡೆಯುವ, ಇನ್ನೊಬ್ಬನೇ ಉಪಚರಿಸುವ ಅಸಮತೆ ಇಲ್ಲಿಲ್ಲ.

ಈ ದೀರ್ಘಾವಧಿ ಏಕೆ ಬೇಕು ಎಂಬುದಕ್ಕೆ ದಿನನಿತ್ಯದ ತರಗತಿಯೇ ಉತ್ತರ. ಫ್ರಾನ್ಸಿನಲ್ಲಿ 20 ಅತ್ಯುತ್ತಮ ಅಂಕ. ಜರ್ಮನಿಯಲ್ಲಿ 1 ಅತ್ಯುತ್ತಮ, 6 ಅತಿ ಕಳಪೆ. ಇದನ್ನು ಐದು ನಿಮಿಷದಲ್ಲಿ ಅರಿಯಬಹುದು. ಆದರೆ ಜರ್ಮನ್ ಶಾಲೆಯಲ್ಲಿ ಕೈಯೆತ್ತಿ ಮಾತಾಡುವುದಕ್ಕೂ ಅಂಕವಿದೆ, ಅದು ಅಂತಿಮ ದರ್ಜೆಯ ದೊಡ್ಡ ಪಾಲು. ಶಿಕ್ಷಕರು ಹೇಳಿದ್ದನ್ನು ಸದ್ದಿಲ್ಲದೆ ಬರೆದುಕೊಂಡು ಬೆಳೆದ ಫ್ರೆಂಚ್ ಹುಡುಗಿ ಅರೆಬರೆ ಜರ್ಮನ್‌ನಲ್ಲಿ ತರಗತಿಯೆದುರು ಅಭಿಪ್ರಾಯ ಹೇಳಲು ವಾರಗಳೇ ಬೇಕು. ಧರ್ಮದ ಪಾಠ ಇನ್ನೂ ದೊಡ್ಡ ಅಚ್ಚರಿ. ಫ್ರಾನ್ಸಿನ ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಅದಕ್ಕೆ ಜಾಗವಿಲ್ಲ. ಜರ್ಮನ್ ಸಂವಿಧಾನದ 7ನೇ ವಿಧಿ ಅದನ್ನು ಸರ್ಕಾರಿ ಶಾಲೆಯ ಸಾಮಾನ್ಯ ವಿಷಯವೆಂದೇ ಹೇಳುತ್ತದೆ. ರಾಜ್ಯ ಮತ್ತು ಧರ್ಮದ ಸಂಬಂಧವನ್ನು ಎರಡು ಪ್ರಜಾಪ್ರಭುತ್ವಗಳು ಬೇರೆಬೇರೆಯಾಗಿ ಕಟ್ಟಿಕೊಂಡಿವೆ ಎಂಬುದು ಆಕೆಗೆ ವೇಳಾಪಟ್ಟಿಯಲ್ಲೇ ಕಾಣುತ್ತದೆ.

ಆದರೂ ಎರಡು ಕೊರತೆಗಳಿವೆ. ಮೊದಲನೆಯದು, ಶಿಕ್ಷಕರ ಸೌಜನ್ಯ. ಪರದೇಶದ ಮಗುವಿಗೆ ಕಷ್ಟವಾದೀತೆಂದು ಪ್ರಶ್ನೆ ಕೇಳದೆ, ಪರೀಕ್ಷೆಯಿಂದ ವಿನಾಯಿತಿ ಕೊಟ್ಟು, ಹಿಂದಿನ ಬೆಂಚಿನಲ್ಲಿ ಕೂರಿಸಿಬಿಟ್ಟರೆ ಆ ಮಗು ಮೂರು ತಿಂಗಳೂ ಪ್ರೇಕ್ಷಕನಾಗಿಯೇ ಉಳಿಯುತ್ತದೆ. ತಪ್ಪಿದ್ದರೂ ಸರಿ, ಮನೆಕೆಲಸ ಕೇಳಿ ತಿದ್ದುವ ಶಿಕ್ಷಕಿಯೇ ಅದಕ್ಕೆ ನಿಜವಾದ ಆತಿಥ್ಯ ಕೊಟ್ಟಂತೆ.

ಎರಡನೆಯದು ಇನ್ನೂ ಆಳವಾದದ್ದು. ಫ್ರಾನ್ಸಿನಲ್ಲಿ 1975ರ ಕಾಯ್ದೆಯ ನಂತರ ಎಲ್ಲ ಮಕ್ಕಳೂ ಸುಮಾರು ಹದಿನೈದರ ತನಕ ಒಂದೇ ಬಗೆಯ ಶಾಲೆಯಲ್ಲಿ ಓದುತ್ತಾರೆ. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿದೊಡನೆ, ಹತ್ತು ವರ್ಷದ ಆಸುಪಾಸಿನಲ್ಲೇ, ಮಕ್ಕಳ ದಾರಿ ಬೇರೆಯಾಗುತ್ತದೆ. ಬರ್ಲಿನ್ ಮತ್ತು ಬ್ರಾಂಡೆನ್‌ಬರ್ಗ್‌ನಲ್ಲಿ ಆರರ ನಂತರ. ವಿನಿಮಯಕ್ಕೆ ಬಂದವರು ಹೆಚ್ಚಾಗಿ ವಿಶ್ವವಿದ್ಯಾಲಯದ ಹಾದಿಯಾದ ಗಿಮ್ನಾಸಿಯುಮ್ ಶಾಲೆಗೇ ಸೇರುತ್ತಾರೆ. ಬೇಗ ಕಸುಬಿನ ಕಡೆ ಹೊರಳಿದ ಮಕ್ಕಳ ಶಾಲೆ ಅವರ ಕಣ್ಣಿಗೆ ಬೀಳುವುದು ಅಪರೂಪ. ಜರ್ಮನ್ ಶಾಲಾ ಜೀವನವನ್ನು ಕಂಡೆವೆಂದು ಅವರು ನಂಬಿ ಮರಳುತ್ತಾರೆ. ಕಂಡದ್ದು ಅದರ ಅನುಕೂಲಸ್ಥ ಭಾಗವನ್ನು ಮಾತ್ರ.

ಪರಿಹಾರ ದುಬಾರಿಯೇನಲ್ಲ. ಮೂರು ತಿಂಗಳಲ್ಲಿ ಒಂದೆರಡು ವಾರವನ್ನು ಅದೇ ಊರಿನ ಇನ್ನೊಂದು ಬಗೆಯ ಶಾಲೆಯಲ್ಲಿ ಕಳೆಯುವುದನ್ನು ಕಡ್ಡಾಯ ಮಾಡಬಹುದು. ಎರಡು ಯುದ್ಧಗಳ ವೈರವನ್ನು ಮರೆಸಲು ಹುಟ್ಟಿದ ವಿನಿಮಯ ಆ ಕೆಲಸವನ್ನು ಚೆನ್ನಾಗಿಯೇ ಮಾಡಿದೆ. ಈಗ ಅದು ದಾಟಬೇಕಾದ ಗಡಿ ಒಂದೇ ಊರಿನ ಎರಡು ಶಾಲೆಗಳ ನಡುವೆ ಇದೆ.