ಬ್ರೈಟನ್‌ಗೆ ಹೋದರೆ ಕಡಲಿಗೆ ಬೆನ್ನು ಹಾಕಿ

ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು ಒಂದು ಗಂಟೆಗೆ ಬ್ರೈಟನ್. ಬಿಸಿಲು ಬಿದ್ದ ಶನಿವಾರವಂತೂ ಬೋಗಿಗಳ ತುಂಬ ಮಕ್ಕಳು, ಟವೆಲ್ಲು, ತಿಂಡಿಯ ಚೀಲ. ಎಲ್ಲರೂ ಹೊರಟಿರುವುದು ಕಡಲಿಗೆ. ಕಟ್ಟಡ ನೋಡುವ ಹುಚ್ಚು ಇರುವವರಿಗೆ ಮಾತ್ರ ದಾರಿಯಲ್ಲೇ ಕೆಲಸ ಶುರು. ಹೇವರ್ಡ್ಸ್ ಹೀತ್ ನಿಲ್ದಾಣಕ್ಕೆ ಸ್ವಲ್ಪ ಮೊದಲು ಎರಡೂ ಬದಿಯ ನೆಲ ತಟ್ಟನೆ ಕೆಳಗಿಳಿದು ಹಸಿರು ಕಣಿವೆ ತೆರೆದುಕೊಳ್ಳುತ್ತದೆ. ಆಗ ರೈಲು ಔಸ್ ನದಿಯ ಮೇಲಿನ ಇಟ್ಟಿಗೆ ಸೇತುವೆಯ ಮೇಲಿರುತ್ತದೆ. 37 ಕಮಾನುಗಳ ಆ ಸೇತುವೆ 1841ರಲ್ಲಿ ಈ ಮಾರ್ಗದ ಜೊತೆಗೇ ಬಳಕೆಗೆ ಬಂತು. ರೈಲಿನಲ್ಲಿ ಕುಳಿತವರಿಗೆ ಕಮಾನು ಕಾಣುವುದಿಲ್ಲ. ಅದನ್ನು ನೋಡಬೇಕಾದರೆ ಇಳಿದು ಕಣಿವೆಗೇ ಹೋಗಬೇಕು. ಒಂದೇ ದಿನದ ಭೇಟಿಯಲ್ಲಿ ಅದು ಆಗದ ಮಾತು, ಬಿಡಿ.

ಬ್ರೈಟನ್ನಿನ ದಂಡೆಯಲ್ಲಿ ಮರಳಿಲ್ಲ, ಕಾಲಿಗೆ ಒತ್ತುವ ಉರುಟುಗಲ್ಲು. ಮಲ್ಪೆ, ಕಾರವಾರ ಕಂಡವರನ್ನು ಈ ಕಡಲು ಬಹಳ ಹೊತ್ತು ಹಿಡಿದಿಡಲಾರದು. ನೀರೊಳಕ್ಕೆ ಅರ್ಧ ಕಿಲೋಮೀಟರಿಗೂ ಹೆಚ್ಚು ಚಾಚಿಕೊಂಡಿರುವ 1899ರ ಪ್ಯಾಲೇಸ್ ಪಿಯರ್ ಮೇಲೆ ಒಂದು ಸುತ್ತು ಹಾಕಬಹುದು. ಪಶ್ಚಿಮಕ್ಕಿರುವ ವೆಸ್ಟ್ ಪಿಯರ್ 1866ರಲ್ಲಿ ತೆರೆದು 1975ರಲ್ಲಿ ಮುಚ್ಚಿತು. 2003ರಲ್ಲಿ ಎರಡು ಬಾರಿ ಬೆಂಕಿಗೆ ಸಿಕ್ಕಿ, ಈಗ ನೀರಿನ ನಡುವೆ ತುಕ್ಕು ಹಿಡಿದ ಅಸ್ಥಿಪಂಜರವಷ್ಟೇ ನಿಂತಿದೆ. ಇವೆರಡಕ್ಕೆ ಅರ್ಧ ಗಂಟೆ ಸಾಕು. ಆಮೇಲೆ ಕಡಲಿಗೆ ಬೆನ್ನು ಹಾಕಿ ಊರೊಳಕ್ಕೆ ಐದು ನಿಮಿಷ ನಡೆದರೆ, ಭಾರತದಿಂದ ಬಂದವರು ರೆಪ್ಪೆ ಮಿಟುಕಿಸದೆ ನಿಲ್ಲುವ ದೃಶ್ಯ ಎದುರಾಗುತ್ತದೆ: ಈರುಳ್ಳಿಯಾಕಾರದ ಗುಮ್ಮಟಗಳು, ಮಿನಾರುಗಳು, ಕಲ್ಲಿನ ಜಾಲಂಧ್ರ. ಅದೇ ರಾಯಲ್ ಪೆವಿಲಿಯನ್.

ಇದು ಹೇಗೆ ಬಂತೆಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 18ನೇ ಶತಮಾನದ ನಡುವಿನವರೆಗೆ ಬ್ರೈಟನ್ ಮೀನುಗಾರರ ಊರು. ಪಕ್ಕದ ಲೂಯಿಸ್ ಪಟ್ಟಣದ ರಿಚರ್ಡ್ ರಸೆಲ್ ಎಂಬ ವೈದ್ಯ 1750ರಲ್ಲಿ ಸಮುದ್ರದ ನೀರಿನ ಔಷಧಗುಣದ ಬಗ್ಗೆ ಲ್ಯಾಟಿನ್ನಿನಲ್ಲಿ ಗ್ರಂಥ ಬರೆದ. ಆ ನೀರಲ್ಲಿ ಮೀಯಬೇಕು, ಅದನ್ನು ಕುಡಿಯಲೂ ಬೇಕು ಎಂಬುದು ಅವನ ಮತ. ಉಳ್ಳವರು ಊರಿಗೆ ಬರತೊಡಗಿದರು. 1783ರಲ್ಲಿ ಯುವರಾಜ ಜಾರ್ಜ್ ಬಂದ. ಮುಂದೆ ನಾಲ್ಕನೇ ಜಾರ್ಜ್ ಆದವನು ಇವನೇ. ಊರು ಹಿಡಿಸಿ, ಒಂದು ತೋಟದ ಮನೆಯನ್ನು ಬಾಡಿಗೆಗೆ ಹಿಡಿದ. 1787ರಲ್ಲಿ ವಾಸ್ತುಶಿಲ್ಪಿ ಹೆನ್ರಿ ಹಾಲೆಂಡ್ ಅದನ್ನು ಅಚ್ಚುಕಟ್ಟಾದ ಬಂಗಲೆಯಾಗಿ ಮಾರ್ಪಡಿಸಿದ. ಆಗಿನ್ನೂ ಒಂದೇ ಒಂದು ಭಾರತೀಯ ಗೆರೆ ಅದರಲ್ಲಿರಲಿಲ್ಲ.

ಭಾರತ ಇಲ್ಲಿಗೆ ಮೊದಲು ಬಂದದ್ದು ಕುದುರೆಗಳಿಗಾಗಿ. 1803ರಿಂದ 1808ರ ನಡುವೆ ವಿಲಿಯಂ ಪೋರ್ಡೆನ್ ಯುವರಾಜನ ಲಾಯವನ್ನು ಸುಮಾರು 80 ಅಡಿ ಅಗಲದ ಗುಮ್ಮಟದಡಿ ಕಟ್ಟಿ, ಅದಕ್ಕೆ ಮೊಗಲ್ ಕಮಾನುಗಳ ಉಡುಗೆ ತೊಡಿಸಿದ. ಕುದುರೆಗಳು ಅರಮನೆಯಂಥ ಗುಮ್ಮಟದ ಕೆಳಗೆ, ಒಡೆಯ ಪಕ್ಕದ ಸಾದಾ ಬಂಗಲೆಯಲ್ಲಿ! ಈಗ ಆ ಲಾಯ ‘ಬ್ರೈಟನ್ ಡೋಮ್’ ಎಂಬ ಸಭಾಂಗಣ. ಸ್ವೀಡನ್ನಿನ ಅಬ್ಬಾ ತಂಡ 1974ರ ಏಪ್ರಿಲ್ 6ರಂದು ಯೂರೋವಿಷನ್ ಹಾಡಿನ ಸ್ಪರ್ಧೆ ಗೆದ್ದದ್ದು ಇದೇ ಗುಮ್ಮಟದಡಿ. 1930ರ ದಶಕದಲ್ಲಿ ಒಳಾಂಗಣವನ್ನು ಪೂರ್ತಿ ಬದಲಿಸಿದ್ದರಿಂದ ಪೋರ್ಡೆನ್ನನ ಕೈಚಳಕ ನೋಡಲು ಹೊರಗೇ ನಿಲ್ಲಬೇಕು. ಇಡೀ ಆವರಣದಲ್ಲಿ ಎಂಜಿನಿಯರಿಂಗ್ ದೃಷ್ಟಿಯಿಂದ ಅತ್ಯಂತ ಗಟ್ಟಿ ಕೆಲಸ ಯಾವುದೆಂದು ಕೇಳಿದರೆ ಈ ಲಾಯವನ್ನೇ ಹೆಸರಿಸಬೇಕು. ಹೆಚ್ಚಿನ ಪ್ರವಾಸಿಗರು ಇದರ ಕಡೆ ತಿರುಗಿಯೂ ನೋಡುವುದಿಲ್ಲ.

ಲಾಯವನ್ನು ಕಂಡ ಯುವರಾಜನಿಗೆ ಮನೆಯೂ ಹಾಗೇ ಬೇಕೆನಿಸಿತು. 1806ರಲ್ಲಿ ಉದ್ಯಾನ ವಿನ್ಯಾಸಕಾರ ಹಂಫ್ರಿ ರೆಪ್ಟನ್‌ನಿಂದ ಭಾರತೀಯ ಶೈಲಿಯ ನಕ್ಷೆ ಬರೆಸಿದ. ಹಣದ ಮುಗ್ಗಟ್ಟಿನಿಂದ ಕೆಲಸ ನಿಂತಿತು. ಕೊನೆಗೆ 1815ರಲ್ಲಿ ವಾಸ್ತುಶಿಲ್ಪಿ ಜಾನ್ ನ್ಯಾಶ್ ಕೈಹಾಕಿ 1823ರ ಹೊತ್ತಿಗೆ ಮುಗಿಸಿದ. ಯುವರಾಜ, ರೆಪ್ಟನ್, ನ್ಯಾಶ್, ಈ ಮೂವರಲ್ಲಿ ಒಬ್ಬನೂ ಭಾರತಕ್ಕೆ ಕಾಲಿಟ್ಟವನಲ್ಲ. ಅವರ ಕಣ್ಣ ಮುಂದಿದ್ದದ್ದು ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಚಿಕ್ಕಪ್ಪ ಮತ್ತು ಸೋದರನ ಮಗನ ಚಿತ್ರಗಳು. ಇವರಿಬ್ಬರು 1786ರಲ್ಲಿ ಕಲ್ಕತ್ತೆಗೆ ಬಂದಿಳಿದು ಗಂಗೆಯ ಬಯಲು, ಹಿಮಾಲಯದ ತಪ್ಪಲು, 1792ರಲ್ಲಿ ದಕ್ಷಿಣ ಭಾರತವನ್ನೆಲ್ಲ ಸುತ್ತಿ, ಊರಿಗೆ ಮರಳಿದ ಮೇಲೆ 144 ಚಿತ್ರಗಳ ‘ಓರಿಯೆಂಟಲ್ ಸೀನರಿ’ಯನ್ನು ಕಂತುಕಂತಾಗಿ ಪ್ರಕಟಿಸಿದರು. ಬ್ರೈಟನ್ನಿನ ಗುಮ್ಮಟಗಳು ಹುಟ್ಟಿದ್ದು ಆ ಹಾಳೆಗಳಿಂದ.

ಪೆವಿಲಿಯನ್ನಿನ ಪೂರ್ವದ ಮುಖವನ್ನು ಬೆಳಗಿನ ಬಿಸಿಲಲ್ಲೇ ನೋಡಬೇಕು. ಹತ್ತಿರ ಹೋಗಿ ಜಾಲಂಧ್ರದ ಎದುರು ನಿಲ್ಲಿ. ನಮ್ಮಲ್ಲಿ ಜಾಲಂಧ್ರಕ್ಕೆ ಕೆಲಸವಿದೆ, ಬಿಸಿಲನ್ನು ಸೋಸಿ ಗಾಳಿಯನ್ನು ಒಳಬಿಡುತ್ತದೆ. ಬೇಲೂರಿನ ನವರಂಗದಲ್ಲಿ ನಿಂತವರಿಗೆ ಆ ಮಬ್ಬು ಬೆಳಕಿನ ಅರ್ಥ ಗೊತ್ತು. ಬಿಸಿಲೇ ಅಪರೂಪವಾದ ಊರಲ್ಲಿ ನ್ಯಾಶ್ ಅದನ್ನು ಗೋಡೆಯ ಮುಂದೆ ಕಂಬಗಳ ನಡುವೆ ಕಟ್ಟಿದ್ದು ಬರೀ ನೆರಳಿನ ಅಂದಕ್ಕೆ, ಆ ಅಂದ ನಿಜಕ್ಕೂ ದಕ್ಕಿದೆ. ಗುಮ್ಮಟಗಳ ಬಗ್ಗೆ ಅಷ್ಟು ಮೆಚ್ಚುಗೆ ಹೇಳಲಾಗದು. ವಿಜಯಪುರದ ಇಬ್ರಾಹಿಂ ರೋಜಾದ ಗುಮ್ಮಟ ಕಮಲದ ದಳಗಳ ನಡುವಿನಿಂದ ಅರಳಿ ಏಳುತ್ತದೆ, ಕಲ್ಲಿನ ಭಾರ ಕೆಳಗಿಳಿಯುವುದು ಕಣ್ಣಿಗೇ ತಿಳಿಯುತ್ತದೆ. ನ್ಯಾಶನ ಗುಮ್ಮಟಗಳು ಹಾಲೆಂಡ್ ಕಟ್ಟಿದ ಬಂಗಲೆಯ ಮೇಲೆ ಎರಕದ ಕಬ್ಬಿಣದ ಚೌಕಟ್ಟು ಏರಿಸಿ ಹೊದಿಸಿದವು. ಮೈಯಲ್ಲಿ ಕಿಟಕಿಗಳಿವೆ, ಒಳಗೆ ಕೋಣೆಗಳಿವೆ. ಚಾವಣಿಗೆ ಬಳಿದ ಹೊಸ ಬಗೆಯ ಗಾರೆ ಬೇಗ ಕೈಕೊಟ್ಟು ಮಳೆನೀರು ಸೋರತೊಡಗಿತು. ಇಷ್ಟಾದರೂ ದೂರದಿಂದ ಆಕಾಶದ ಗೆರೆಯಾಗಿ ನೋಡಿದಾಗ ಅವು ಗೆಲ್ಲುತ್ತವೆ.

ಕಬ್ಬಿಣಕ್ಕೆ ಭಾರತದ ಉಡುಗೆ ತೊಡಿಸುವ ಈ ಉಪಾಯ ಮೈಸೂರಿನವರಿಗೆ ಹೊಸದಲ್ಲ. 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ರಲ್ಲಿ ಸಿದ್ಧವಾದ ಇಂದಿನ ಅರಮನೆಯ ಕಲ್ಯಾಣ ಮಂಟಪ ನೆನಪಿಸಿಕೊಳ್ಳಿ. ನವಿಲುಗಳ ಗಾಜಿನ ಚಾವಣಿಯನ್ನು ಹೊತ್ತ ಆ ಕಂಬಗಳು ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಾರ್ಖಾನೆಯಲ್ಲಿ ಎರಕವಾದ ಕಬ್ಬಿಣ.

ಪೆವಿಲಿಯನ್ನಿನ ಒಳಗೆ ಹೆಜ್ಜೆಯಿಟ್ಟರೆ ಭಾರತ ಮುಗಿದು ಚೀನಾ ಶುರುವಾಗುತ್ತದೆ. ಅದೂ ಯೂರೋಪಿನವರ ಕಲ್ಪನೆಯ ಚೀನಾ. ಊಟದ ಸಭಾಂಗಣದ ಚಾವಣಿಯಲ್ಲಿ ದೊಡ್ಡ ಬಾಳೆ ಎಲೆಗಳು ಹರಡಿಕೊಂಡಿವೆ. ಅವುಗಳ ಕೆಳಗೆ ಬೆಳ್ಳಿಬಣ್ಣದ ಡ್ರ್ಯಾಗನ್ ತನ್ನ ಉಗುರುಗಳಲ್ಲಿ ಹಿಡಿದ, 30 ಅಡಿ ಉದ್ದದ, ಸುಮಾರು ಒಂದು ಟನ್ ತೂಕದ ತೂಗುದೀಪ. ಕತ್ತು ನೋಯುವವರೆಗೆ ನೋಡುವಂಥದ್ದು. ಅದಕ್ಕಿಂತ ಅಡುಗೆಮನೆ ಹೆಚ್ಚು ಹೊತ್ತು ಬೇಡುತ್ತದೆ. ಎತ್ತರದ ಚಾವಣಿಯನ್ನು ಹೊತ್ತ ನಾಲ್ಕು ತೆಳು ಕಬ್ಬಿಣದ ಕಂಬಗಳ ತುದಿಯಲ್ಲಿ ಬಣ್ಣ ಬಳಿದ ತಾಮ್ರದ ತಾಳೆ ಗರಿಗಳು. ರಚನೆಗೆ ಬೇಕಾದ ಕಂಬವೇ ಇಲ್ಲಿ ಅಲಂಕಾರವೂ ಆಗಿದೆ. ಪ್ರಸಿದ್ಧ ಫ್ರೆಂಚ್ ಬಾಣಸಿಗ ಆಂತುವಾನ್ ಕರೇಮ್ ಇಲ್ಲಿ ಕೆಲಸ ಮಾಡಿದ. 1817ರ ಜನವರಿ 18ರಂದು ರಷ್ಯಾದ ರಾಜಕುಮಾರ ನಿಕೊಲಸ್‌ಗೆ ಅವನು ಬಡಿಸಿದ್ದು ನೂರಕ್ಕೂ ಹೆಚ್ಚು ಬಗೆಯ ಖಾದ್ಯ.

ವಿಕ್ಟೋರಿಯಾ ರಾಣಿಗೆ ಈ ಮನೆ ಒಗ್ಗಲಿಲ್ಲ. 1845ರ ನಂತರ ಅವಳು ಬರಲಿಲ್ಲ. 1850ರಲ್ಲಿ ಊರಿನವರೇ 53,000 ಪೌಂಡಿಗೆ ಅದನ್ನು ಕೊಂಡರು. ಹಾಗಾಗಿಯೇ ಉಳಿಯಿತು.

ನಿಜವಾದ ಭಾರತೀಯರು ಈ ಗುಮ್ಮಟಗಳ ಕೆಳಗೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1914ರ ಡಿಸೆಂಬರಿನಲ್ಲಿ, ಸ್ಟ್ರೆಚರುಗಳ ಮೇಲೆ. ಫ್ರಾನ್ಸ್, ಬೆಲ್ಜಿಯಂನ ಕಂದಕಗಳಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗೆ ಪೆವಿಲಿಯನ್ ಮತ್ತು ಡೋಮ್ ಆಸ್ಪತ್ರೆಯಾದವು. 700ಕ್ಕೂ ಹೆಚ್ಚು ಹಾಸಿಗೆ. ಸಂಗೀತದ ಸಭಾಂಗಣ, ಊಟದ ಸಭಾಂಗಣ ವಾರ್ಡುಗಳಾದವು. ಕರೇಮನ ಅಡುಗೆಮನೆ ಶಸ್ತ್ರಚಿಕಿತ್ಸೆಯ ಕೋಣೆಯಾಯಿತು. ಧರ್ಮ, ಜಾತಿಗೆ ತಕ್ಕಂತೆ ಒಂಬತ್ತು ಅಡುಗೆಮನೆಗಳು, ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆಬೇರೆ ನಲ್ಲಿಗಳು. 1915ರ ಆಗಸ್ಟಿನಲ್ಲಿ ಜಮಾದಾರ್ ಮೀರ್ ದಸ್ತ್‌ಗೆ ಐದನೇ ಜಾರ್ಜ್ ದೊರೆ ವಿಕ್ಟೋರಿಯಾ ಕ್ರಾಸ್ ಪದಕ ತೊಡಿಸಿದ್ದು ಈ ಅಂಗಳದಲ್ಲೇ. ಗಾಯಾಳುಗಳು ದೊರೆಯ ಅರಮನೆಯಲ್ಲಿದ್ದಾರೆಂದು ಸರ್ಕಾರ ಚಿತ್ರಗಳೊಂದಿಗೆ ಪ್ರಚಾರ ಮಾಡಿತು. ಊರೊಳಗೆ ತಮ್ಮಷ್ಟಕ್ಕೆ ಓಡಾಡುವ ಸ್ವಾತಂತ್ರ್ಯ ಮಾತ್ರ ಅವರಿಗೆ ಹೆಚ್ಚು ಸಿಗಲಿಲ್ಲ. ಈ ಎರಡನ್ನೂ ಒಟ್ಟಿಗೆ ನೆನೆದು ಆ ಕೋಣೆಗಳಲ್ಲಿ ನಡೆಯಬೇಕು. ಭಾರತದ ಜನರ ಕಾಣಿಕೆಯಾಗಿ ದಕ್ಷಿಣದ ಪ್ರವೇಶದಲ್ಲಿ ಎದ್ದ ದ್ವಾರವನ್ನು 1921ರ ಅಕ್ಟೋಬರಿನಲ್ಲಿ ಪಟಿಯಾಲದ ಮಹಾರಾಜರು ಉದ್ಘಾಟಿಸಿದರು. ಗುಜರಾತಿನ ಮಾದರಿಯ ಈ ಮಂಟಪದ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ಅದರ ಮೇಲಿನ ಬರಹ ಓದುವವರು ಕಡಿಮೆ.

ಸೈನಿಕರಿಗೂ ನೂರು ವರ್ಷ ಮೊದಲು ಒಬ್ಬ ಭಾರತೀಯ ಈ ಊರಲ್ಲಿ ಹೆಸರು ಮಾಡಿದ್ದ. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಖ್ ದೀನ್ ಮಹಮದ್, ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದ ಮೊದಲ ಭಾರತೀಯ. 1810ರಲ್ಲಿ ಲಂಡನ್ನಿನಲ್ಲಿ ತೆರೆದ ಹೋಟೆಲು ನಷ್ಟಕ್ಕೆ ಬಿದ್ದ ಮೇಲೆ ಬ್ರೈಟನ್‌ಗೆ ಬಂದು, ಕಡಲ ದಂಡೆಯಲ್ಲಿ ಹಬೆಸ್ನಾನ ಮತ್ತು ಅಂಗಮರ್ದನದ ಸ್ನಾನಗೃಹ ನಡೆಸಿದ. ನಾಲ್ಕನೇ ಜಾರ್ಜ್, ನಾಲ್ಕನೇ ವಿಲಿಯಂ ಇಬ್ಬರಿಗೂ ಅವನೇ ‘ಶಾಂಪೂಯಿಂಗ್ ಸರ್ಜನ್’. ಸ್ನಾನಗೃಹ ಈಗಿಲ್ಲ, ಆ ಜಾಗದಲ್ಲಿ ಕ್ವೀನ್ಸ್ ಹೋಟೆಲ್ ಇದೆ. 1851ರಲ್ಲಿ ತೀರಿಕೊಂಡ ಅವನ ಸಮಾಧಿ ಸೇಂಟ್ ನಿಕೊಲಸ್ ಚರ್ಚಿನ ಅಂಗಳದಲ್ಲಿದೆ.

ಮಧ್ಯಾಹ್ನದ ಊಟ ಮುಗಿಸಿ ಊರ ಉತ್ತರಕ್ಕೆ, ಪ್ಯಾಚಮ್ ಬಳಿಯ ಗುಡ್ಡಗಳಿಗೆ ಹೋಗಬೇಕು. ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ ಮುಸ್ಲಿಮರನ್ನು ವೋಕಿಂಗ್ ಮಸೀದಿಯ ಹತ್ತಿರ ಮಣ್ಣು ಮಾಡಿದರು. 53 ಹಿಂದೂ, ಸಿಖ್ ಸೈನಿಕರ ದಹನ ನಡೆದದ್ದು ಈ ಗುಡ್ಡದ ಮೇಲೆ. ಚಿತೆಯ ಕಟ್ಟೆಗಳನ್ನು ಮುಚ್ಚಿದ ಮೂರು ಗ್ರಾನೈಟ್ ಹಾಸುಗಲ್ಲುಗಳ ಹಿಂದೆ ಎಂಟು ಕಂಬಗಳ ಬಿಳಿ ಅಮೃತಶಿಲೆಯ ಛತ್ರಿಯೊಂದು ನಿಂತಿದೆ. ವಿನ್ಯಾಸ ಮುಂಬಯಿಯ ಇ.ಸಿ. ಹೆನ್ರಿಕ್ಸ್ ಅವರದು. 1921ರ ಫೆಬ್ರುವರಿ 1ರಂದು ಅದರ ಅನಾವರಣವಾಯಿತು.

ಬ್ರೈಟನ್ನಿನಲ್ಲಿ ಭಾರತದ ಹೆಸರಿನ ಕಟ್ಟಡಗಳಲ್ಲಿ ಶ್ರೇಷ್ಠವಾದದ್ದು ಇದು. ಒಳಗೆ ಕಬ್ಬಿಣ ಬಚ್ಚಿಟ್ಟಿಲ್ಲ, ಗಾರೆ ಕಲ್ಲಿನ ವೇಷ ಹಾಕಿಲ್ಲ. ಕಂಬ, ತೊಲೆ, ಗುಮ್ಮಟ, ಪ್ರತಿಯೊಂದೂ ತನ್ನ ಭಾರವನ್ನು ತಾನೇ ಹೊತ್ತಿದೆ. ಸುತ್ತ ಬೋಳು ಹುಲ್ಲುಗಾವಲು, ದೂರದಲ್ಲಿ ಊರು, ಅದರಾಚೆ ಕಡಲು. ಅಳತೆಯಲ್ಲಿ ಪೆವಿಲಿಯನ್ನಿನ ಒಂದು ಮೂಲೆಯಷ್ಟೂ ಇಲ್ಲದ ಈ ಮಂಟಪದ ಮುಂದೆ ನಿಂತವರಿಗೆ, ಕಟ್ಟಡಕ್ಕೆ ಕಾರಣವೊಂದಿದ್ದಾಗ ಅದು ಎಷ್ಟು ಸರಳವಾಗಿ ನಿಲ್ಲಬಲ್ಲದೆಂಬುದು ತಾನಾಗಿ ತಿಳಿಯುತ್ತದೆ. 2010ರಲ್ಲಿ ಯುದ್ಧ ಸಮಾಧಿಗಳ ಆಯೋಗ ಪಕ್ಕದಲ್ಲಿ ಶಿಲಾಫಲಕ ನಿಲ್ಲಿಸಿ 53 ಹೆಸರುಗಳನ್ನೂ ಕೆತ್ತಿಸಿತು. ಒಂದೊಂದಾಗಿ ಓದಬೇಕು.

ಛತ್ರಿಯ ತನಕ ಕಾರು ಹೋಗುವುದಿಲ್ಲ, ಗುಡ್ಡದ ಕಾಲುದಾರಿಯಲ್ಲಿ ನಡೆಯಬೇಕು. ಮಳೆ ಬಂದಿದ್ದರೆ ದಾರಿ ಕೆಸರು, ಗಟ್ಟಿ ಬೂಟು ಬೇಕು. ಟಿಕೆಟ್ಟಿಲ್ಲ, ಕಾವಲುಗಾರರಿಲ್ಲ. ಪ್ರತಿವರ್ಷ ಜೂನ್ ತಿಂಗಳಲ್ಲಿ ಸ್ಮರಣೆಯ ಸಭೆ ನಡೆಯುತ್ತದೆ. ಲಂಡನ್ ಸುತ್ತಮುತ್ತ ಇರುವ ಕನ್ನಡಿಗರು ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬ್ರೈಟನ್‌ಗೆ ಹೋಗುವುದು ಇದ್ದದ್ದೇ. ಮುಂದಿನ ಸಲ ಪಿಯರ್ ಮೇಲಿನ ಎರಡು ಗಂಟೆಯನ್ನು ಉಳಿಸಿ, ಅವರನ್ನು ಈ ಗುಡ್ಡ ಹತ್ತಿಸಿ.