ಗುಂಡಿಗಿಳಿಯಬೇಕಾದ್ದು ಕೈಯೋ, ಕಡಗೋಲೋ?

ಅಪಾಯದ ಜಾಗಕ್ಕೆ ರೋಬೋಟ್ ಎಂದರೆ ನಮ್ಮ ವಿಶ್ವವಿದ್ಯಾಲಯಗಳು ಅಣುಸ್ಥಾವರ, ಗಣಿ, ಬಾಂಬು ಅಂತ ಶುರುಮಾಡುತ್ತವೆ. ಮಲ್ಲಿಪಟ್ಟಣದಂಥ ಹೋಬಳಿ ಊರಿನವರು ಅಷ್ಟು ದೂರ ಹೋಗಬೇಕಿಲ್ಲ, ಹಿತ್ತಲಿನ ಪಾಯಿಖಾನೆ ಗುಂಡಿಯೇ ಸಾಕು. ಅಲ್ಲಿ ನಿಂತು ನೋಡಿದರೆ ಇಂಥ ಗುಂಡಿ ಶುಚಿಮಾಡಲು ಮದ್ರಾಸ್ ಐಐಟಿ ಮಾಡಿದ ‘ಹೋಮೋಸೆಪ್’ ಯಂತ್ರ ಬುದ್ಧಿವಂತ ಸಂಶೋಧನೆ ಅನ್ನಿಸುತ್ತದೆ. ಅದರ ಕೊರತೆಯೂ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.

ಟ್ಯಾಂಕರ್ ಬಂದು ಪೈಪು ಇಳಿಬಿಟ್ಟರೆ ಮೇಲಿನ ನೀರು, ತೆಳು ಕೊಚ್ಚೆ ಸಲೀಸಾಗಿ ಬರುತ್ತದೆ. ವರ್ಷಗಟ್ಟಲೆ ತೆಗೆಯದ ಗುಂಡಿಯ ತಳದಲ್ಲಿ ಗಟ್ಟಿಯಾಗಿ ಕೂತ ಗಸಿ ಮಾತ್ರ ಪಂಪಿಗೆ ಜಗ್ಗುವುದಿಲ್ಲ. ಆಗ ಕೈಗೊಂದು ಹಾರೆ ಕೊಟ್ಟು ಯಾರನ್ನಾದರೂ ಇಳಿಸುತ್ತಾರೆ. ಯಾವ ಜಾತಿಯವನನ್ನು ಎಂದು ಬಿಡಿಸಿ ಹೇಳಬೇಕಿಲ್ಲ. ಗಸಿ ಕೆದಕಿದಾಗಲೇ ಹೈಡ್ರೋಜನ್ ಸಲ್ಫೈಡ್ ಏಳುವುದು. ಮೊದಲು ಕೊಳೆತ ಮೊಟ್ಟೆಯ ನಾತ. ಅನಿಲ ಹೆಚ್ಚಾದಂತೆ ಮೂಗೇ ಮಂಕಾಗಿ ನಾತ ತಿಳಿಯುವುದಿಲ್ಲ. ಕಮ್ಮಿಯಾಯಿತು ಅಂದುಕೊಂಡವನು ಕುಸಿಯುತ್ತಾನೆ, ಎತ್ತಲು ಇಳಿದವನೂ ಮೇಲೆ ಬರುವುದಿಲ್ಲ. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಮ್ಯಾನ್‌ಹೋಲಿನಲ್ಲಿ ಮೂವರು ಸತ್ತಾಗ, ಇಂಥ ಕೆಲಸಕ್ಕೆ ಜನರನ್ನು ಇಳಿಸಬಾರದೆನ್ನುವ 2013ರ ಕಾಯ್ದೆ ಜಾರಿಯಾಗಿ ಮೂರು ವರ್ಷ ದಾಟಿತ್ತು.

ಐಐಟಿಯ ಪ್ರೊ. ಪ್ರಭು ರಾಜಗೋಪಾಲ್ ಅವರ ತಂಡ ಕೈಹಾಕಿದ್ದು ಈ ಗಸಿಗೇ. ಹೋಮೋಸೆಪ್‌ನ ಅಲಗುಗಳು ಮಡಚಿಕೊಂಡು ಗುಂಡಿಯ ಕಿರಿದಾದ ಬಾಯಿಯಲ್ಲಿ ಇಳಿಯುತ್ತವೆ, ಒಳಗೆ ಬಿಚ್ಚಿಕೊಂಡು ತಿರುಗುತ್ತವೆ. ಕಡಗೋಲು ಮೊಸರನ್ನು ಕಡೆದ ಹಾಗೆ ಗಸಿಯೆಲ್ಲ ಒಡೆದು ನೀರಿನಲ್ಲಿ ಬೆರೆಯುತ್ತದೆ, ಪಂಪು ಹೀರಿಕೊಳ್ಳುತ್ತದೆ. ಕೇರಳದ ಜೆನ್‌ರೋಬೋಟಿಕ್ಸ್‌ನವರು 2018ರಲ್ಲಿ ತಿರುವನಂತಪುರದಲ್ಲಿ ಕೆಲಸಕ್ಕಿಳಿಸಿದ ‘ಬ್ಯಾಂಡಿಕೂಟ್’ ದಾರಿ ಬೇರೆ. ಅದಕ್ಕೆ ಕಾಲಿದೆ, ತೋಳಿದೆ, ಕ್ಯಾಮೆರಾ ಇದೆ; ಹೂಳನ್ನು ಬಾಚಿ ಬಕೆಟ್ಟಿಗೆ ತುಂಬುತ್ತದೆ. ಬೀದಿಯ ಮ್ಯಾನ್‌ಹೋಲಿಗೆ ಅದು ಸರಿ, ಪತ್ರಿಕೆಯ ಫೋಟೋಕ್ಕಂತೂ ಇನ್ನೂ ಸರಿ. ಆದರೆ ಅದು ಇಳಿಯುವವನ ಕೈಯನ್ನೇ ಉಕ್ಕಿನಲ್ಲಿ ಮಾಡಿಕೊಟ್ಟಿತು. ಹೋಮೋಸೆಪ್ ಆ ಕೈ ಯಾಕೆ ಬೇಕಾಯಿತು ಎಂದು ಕೇಳಿತು. ನನಗೆ ಹಿಡಿಸಿದ್ದು ಈ ಪ್ರಶ್ನೆ. ಈ ಯಂತ್ರ ಶುರುವಾದದ್ದು ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿಯ ಕೊನೆಯ ವರ್ಷದ ಪ್ರಾಜೆಕ್ಟಾಗಿ. ನಮ್ಮ ಕಡೆಯ ಹುಡುಗರು ಅದೇ ಕೊನೆಯ ವರ್ಷದಲ್ಲಿ ಕಪ್ಪು ಗೆರೆ ಹಿಡಿದು ಓಡುವ ಪುಟ್ಟ ಗಾಡಿ ಮಾಡಿ, ಅಂಕ ತೆಗೆದುಕೊಂಡು, ಅದನ್ನು ಬೀರುವಿಗೆ ಸೇರಿಸುತ್ತಾರೆ.

ಮತ್ತೊಂದು ಮಾತು ಹೇಳಲೇಬೇಕು. ಕೆ.ಜಿ.ಎಫ್.ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರ ಸಫಾಯಿ ಕರ್ಮಚಾರಿ ಆಂದೋಲನದ ನೆರವಿನಿಂದ, ಹೋಮೋಸೆಪ್‌ನ ಮೊದಲ ಯಂತ್ರಗಳು ತಮಿಳುನಾಡಿನಲ್ಲಿ ಇದೇ ಕೆಲಸಕ್ಕೆ ಗಂಡನನ್ನು ಕಳೆದುಕೊಂಡ ಹೆಂಗಸರ ಸ್ವಸಹಾಯ ಗುಂಪುಗಳ ಕೈಗೆ ಹೋದವು. ಯಂತ್ರದ ಬಾಡಿಗೆ ಯಾರ ಮನೆಗೆ ಸೇರಬೇಕು ಎಂದು ಯೋಚಿಸುವ ಪ್ರಯೋಗಾಲಯಗಳು ನಮ್ಮಲ್ಲಿ ಅಪರೂಪ.

ಇನ್ನು ಕೊರತೆ. ಈ ಯಂತ್ರ ಹುಟ್ಟಿದ್ದು ಸೆಪ್ಟಿಕ್ ಟ್ಯಾಂಕಿಗೆ. ಹಳ್ಳಿ ಕಡೆ ಹೆಚ್ಚಿಗೆ ಇರುವುದು ಸಿಮೆಂಟ್ ರಿಂಗನ್ನು ಒಂದರ ಮೇಲೊಂದು ಇಳಿಸಿದ ಗುಂಡಿ. ಅದರಲ್ಲಿ ನೀರು ಮಣ್ಣಿಗೆ ಇಂಗಿ ಗಸಿ ಮಾತ್ರ ಉಳಿಯುತ್ತದೆ. ಕಡೆಯಲು ನೀರೇ ಇಲ್ಲದ ಕಡೆ ಕಡಗೋಲು ಏನು ಮಾಡೀತು? ಹೊರಗಿನಿಂದ ನೀರು ಬಿಟ್ಟು ಕಲಸಬಹುದು, ಆದರೆ ಟ್ಯಾಂಕರ್ ಒಂದಲ್ಲ, ಎರಡು ಸಲ ಓಡಾಡಬೇಕಾಗುತ್ತದೆ. ಓಡಾಡಿ ಸುರಿಯುವುದಾದರೂ ಎಲ್ಲಿ? ದೇವನಹಳ್ಳಿಯಲ್ಲಿ 2015ರಲ್ಲೇ ಮಲದ ಗಸಿ ಸಂಸ್ಕರಿಸುವ ಘಟಕ ಶುರುವಾಯಿತು. ಅಂಥದ್ದು ಹತ್ತಿರದಲ್ಲಿಲ್ಲದಿದ್ದರೆ ಸಂಶೋಧನೆಯ ಫಲ ಕತ್ತಲಾದ ಮೇಲೆ ಹಳ್ಳಕ್ಕೆ ಬೀಳುತ್ತದೆ.

ಅದಕ್ಕೂ ಮೊದಲು ಗುಂಡಿಯ ಬಾಯಿ ಸಿಗಬೇಕು. ಎಷ್ಟೋ ಮನೆಗಳಲ್ಲಿ ಚಪ್ಪಡಿ ಮುಚ್ಚಿ, ಗಾರೆ ಮೆತ್ತಿ, ಮೇಲೆ ಬಟ್ಟೆ ಒಗೆಯುವ ಕಲ್ಲು ಕೂರಿಸಿರುತ್ತಾರೆ. ಸುತ್ತಿಗೆ ಹಿಡಿದು ಅದನ್ನು ಒಡೆಯುವವನು ಮತ್ತೆ ಅದೇ ಮನುಷ್ಯ, ಒಡೆದ ಮೇಲೆ ಬಗ್ಗಿ ಒಳಗೆ ನೋಡುವವನೂ ಅವನೇ. ಐಐಟಿಯವರು ಇದಕ್ಕೆ ಯಂತ್ರ ಮಾಡಿಕೊಡಲಾರರು. ಮನೆ ಕಟ್ಟುವಾಗಲೇ ಎರಡಡಿ ಅಗಲದ, ತೆಗೆದು ಮುಚ್ಚುವ ಮುಚ್ಚಳ ಇಡಿಸುವುದು ಪಂಚಾಯಿತಿ ಕೈಯಲ್ಲೇ ಇದೆ.